ಭಾನುವಾರದ ಗುಂಪು ಟ್ರೆಕ್ ಶುರು ಮಾಡ್ಬೇಕು ಅಂತಿದೀನಿ, ಶೂ ಯಾವ ಥರದ್ದು ತಗೊಳ್ಳಲಿ?

ಪಾರ್ಕ್ ನಡಿಗೆ

ಎಲ್ಲರಿಗೂ ನಮಸ್ಕಾರ. ನಾನು ರಾಜಾಜಿನಗರದವಳು, ವಯಸ್ಸು 47, ಬ್ಯಾಂಕಲ್ಲಿ ಕೆಲಸ. ದಿನಾ ಬೆಳಗ್ಗೆ ಮನೆ ಹತ್ರದ ಪಾರ್ಕಲ್ಲಿ ಮುಕ್ಕಾಲು ಗಂಟೆ ವಾಕ್ ಮಾಡ್ತೀನಿ, ಅದು ಬಿಟ್ರೆ ಬೇರೆ ವ್ಯಾಯಾಮ ಅಂತ ಏನೂ ಇಲ್ಲ. ನಮ್ಮ ಬ್ರಾಂಚಲ್ಲಿ ಒಬ್ರು ಒಂದು ಗುಂಪಿನ ಜೊತೆ ಭಾನುವಾರಗಳಲ್ಲಿ ಬೆಟ್ಟ ಹತ್ತೋಕೆ ಹೋಗ್ತಿರ್ತಾರೆ, ಸೋಮವಾರ ಬಂದು ಊಟದ ಹೊತ್ತಲ್ಲಿ ಫೋಟೋ ತೋರಿಸ್ತಾರೆ, ಅದನ್ನ ನೋಡಿ ನೋಡಿ ನಂಗೂ ಹೋಗ್ಲೇಬೇಕು ಅನ್ನಿಸಿಬಿಟ್ಟಿದೆ. ಮುಂದಿನ ತಿಂಗಳು ಮಾಕಳಿದುರ್ಗ ಇಟ್ಕೊಂಡಿದಾರಂತೆ, ನೀವೂ ಬನ್ನಿ ಅಂದಿದಾರೆ.

ನನ್ನ ಡೌಟು ಏನಂದ್ರೆ, ಈಗ ನನ್ನ ಹತ್ರ ಇರೋದು ಸಾದಾ ರನ್ನಿಂಗ್ ಶೂ, ಎರಡು ಮೂರು ವರ್ಷ ಹಳೇದು, ಇದ್ರಲ್ಲೇ ಹೋದ್ರೆ ನಡೆಯತ್ತಾ ಅಥವಾ ಹೊಸ ಟ್ರೆಕ್ಕಿಂಗ್ ಶೂ ತಗೊಂಡೇ ಹೋಗ್ಬೇಕಾ? ಆನ್‌ಲೈನ್ ನೋಡಿದ್ರೆ ತಲೆ ಕೆಟ್ಟೋಗತ್ತೆ, ಒಂದರಲ್ಲಿ ವಾಟರ್‌ಪ್ರೂಫ್ ಅಂತಾರೆ, ಒಂದರಲ್ಲಿ ಹೈ ಆಂಕಲ್ ಅಂತಾರೆ, ರೇಟು 1,500ರಿಂದ 15,000ದವರೆಗೂ ಇದೆ. ನನ್ನ ಬಜೆಟ್ 4,000, ತೀರಾ ಬೇಕೇಬೇಕು ಅಂದ್ರೆ ಇನ್ನೊಂದು ಐನೂರು ಹಾಕಬಲ್ಲೆ. ನನ್ನ ಪಾದ ಸ್ವಲ್ಪ ಅಗಲ, ಲೇಡೀಸ್ ಶೂ ಯಾವ್ದು ಹಾಕಿದ್ರೂ ಕಿರುಬೆರಳ ಹತ್ರ ಒತ್ತತ್ತೆ.

ಇನ್ನೊಂದು, ಗುಂಪಲ್ಲಿ ಎಲ್ಲಾ ಇಪ್ಪತ್ತೈದು ಮೂವತ್ತು ವಯಸ್ಸಿನವರೇ ಜಾಸ್ತಿ ಅಂತೆ. ನಾನು ನಿಧಾನ. ನನ್ನಿಂದ ಎಲ್ಲರಿಗೂ ಲೇಟ್ ಆಗತ್ತೆ ಅನ್ನೋ ಯೋಚನೆ ಇದೆ. ಗೊತ್ತಿರೋರು ದಯವಿಟ್ಟು ಹೇಳಿ.

ಬೆಟ್ಟದ ಹುಚ್ಚು

ಮೇಡಂ, ಕೊನೇ ಪ್ರಶ್ನೆಗೆ ಮೊದಲು ಬರ್ತೀನಿ, ಯಾಕಂದ್ರೆ ಶೂಗಿಂತ ಅದೇ ಮುಖ್ಯ. ಒಳ್ಳೇ ಗುಂಪು ಅಂದ್ರೆ ಅದರ ವೇಗ ಎಲ್ಲರಿಗಿಂತ ನಿಧಾನ ನಡೆಯೋರ ವೇಗ. ಮುಂದೆ ದಾರಿ ಗೊತ್ತಿರೋ ಲೀಡ್ ಒಬ್ರು ಇರ್ತಾರೆ, ಹಿಂದೆ ಸ್ವೀಪ್ ಅಂತ ಒಬ್ರು, ಈ ಸ್ವೀಪ್ ಏನೇ ಆದ್ರೂ ಕೊನೆಯವರನ್ನ ದಾಟಿ ಮುಂದೆ ಹೋಗೋ ಹಾಗಿಲ್ಲ, ದಾರಿ ಕವಲೊಡೆಯೋ ಕಡೆಯೆಲ್ಲಾ ಮುಂದಿನವರು ನಿಂತು ಹಿಂದಿನವರು ಬಂದ ಮೇಲೇ ಹೊರಡಬೇಕು, ತಲೆ ಎಣಿಸಬೇಕು. ನಿಮ್ಮ ಕಲೀಗ್‌ನ ಇಷ್ಟೇ ಕೇಳಿ: ಸ್ವೀಪ್ ಯಾರು, ಒಟ್ಟು ಎಷ್ಟು ಜನ, ಫಸ್ಟ್ ಏಡ್ ಯಾರ ಹತ್ರ ಇರತ್ತೆ, ಎಷ್ಟೊತ್ತಿಗೆ ಇಳಿಯೋಕೆ ಶುರು ಮಾಡ್ತಾರೆ. ಈ ನಾಲ್ಕಕ್ಕೂ ತಡವರಿಸದೆ ಉತ್ತರ ಬಂದ್ರೆ ಧೈರ್ಯವಾಗಿ ಹೋಗಿ. ಹದಿನೈದು ಇಪ್ಪತ್ತು ಜನ ಇದ್ರೆ ಚೆನ್ನಾಗಿರತ್ತೆ. ಎರಡು ಬಸ್ ತುಂಬಾ ಜನ ಕರ್ಕೊಂಡು ಹೋಗಿ ಮೇಲೆ ಸ್ಪೀಕರ್ ಹಾಕಿ ಕುಣಿಯೋ ಗುಂಪುಗಳೂ ಇವೆ, ಅಲ್ಲಿ ಹಿಂದೆ ಉಳಿದೋರನ್ನ ಕೇಳೋರಿಲ್ಲ, ಅಂಥದ್ದು ಬೇಡವೇ ಬೇಡ.

ಬೆಂಗಳೂರಲ್ಲಿ ಗುಂಪುಗಳಿಗೆ ಬರ ಇಲ್ಲ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಇಲ್ಲಿನ ಘಟಕಗಳವರು ಒಂದು ದಿನದ ಚಾರಣ ಇಡ್ತಿರ್ತಾರೆ, ಅಲ್ಲಿ ಐವತ್ತು ಅರವತ್ತು ದಾಟಿದೋರೂ ಬರ್ತಾರೆ, ನಿಮಗೆ ಅಲ್ಲಿ ಸಮಾಧಾನ ಅನ್ನಿಸಬಹುದು. ಖರ್ಚು ಹಂಚಿಕೊಂಡು ಹೋಗೋ ವಾಲಂಟಿಯರ್ ಗುಂಪುಗಳಿವೆ, ಬಸ್ಸು ತಿಂಡಿ ಎಲ್ಲಾ ಸೇರಿಸಿ ದುಡ್ಡು ತಗೊಳ್ಳೋ ಕಂಪನಿಗಳೂ ಇವೆ. ಯಾವುದೇ ಆಗ್ಲಿ, ಬೆಂಗಳೂರು ಸುತ್ತಲಿನ ತುಂಬಾ ಬೆಟ್ಟಗಳು ಅರಣ್ಯ ಇಲಾಖೆಗೆ ಸೇರಿವೆ, ಅಲ್ಲಿಗೆ ಮೊದಲೇ ಆನ್‌ಲೈನಲ್ಲಿ ಬುಕ್ ಮಾಡ್ಬೇಕು, ಇಲಾಖೆಯವರದೇ ಅರಣ್ಯ ವಿಹಾರ ಅನ್ನೋ ವೆಬ್‌ಸೈಟ್ ಇದೆ. 2024ರ ಜನವರಿಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ್ರಲ್ಲ, ಆಮೇಲೆ ಇದನ್ನ ಬಿಗಿ ಮಾಡಿದಾರೆ. ಟಿಕೆಟ್ ಇಲ್ದೇನೇ ಗೇಟ್ ಹತ್ರ ನೋಡ್ಕೊಳ್ಳೋಣ ಬನ್ನಿ ಅನ್ನೋ ಗುಂಪಿಗೆ ದುಡ್ಡು ಕಟ್ಟಬೇಡಿ.

ಇನ್ನು ಮಾಕಳಿದುರ್ಗ. ಶುರು ಮಾಡೋರಿಗೆ ಒಳ್ಳೇ ಬೆಟ್ಟ. ಘಾಟಿ ಸುಬ್ರಹ್ಮಣ್ಯದ ಹತ್ರ, ಯಲಹಂಕ ದೊಡ್ಡಬಳ್ಳಾಪುರ ದಾಟಿ ಹಿಂದೂಪುರಕ್ಕೆ ಹೋಗೋ ರೈಲ್ವೆ ಲೈನಲ್ಲೇ ಅದೇ ಹೆಸರಿನ ಸ್ಟೇಷನ್ ಇದೆ. ಫೋಟೋಗೋಸ್ಕರ ಹಳಿ ಮೇಲೆ ನಡೆಯೋರು ಜಾಸ್ತಿ, ನೀವು ದಯವಿಟ್ಟು ಹಾಗ್ ಮಾಡ್ಬೇಡಿ, ಅಲ್ಲಿ ತಿರುವಲ್ಲಿ ರೈಲು ಬರೋದು ಕಾಣಲ್ಲ. ಮೇಲೆ ಹಳೇ ಕೋಟೆ, ಶಿವನ ಗುಡಿ, ನಂದಿ ಇದೆ, ಕೆಳಗೆ ಗುಂಡಮಗೆರೆ ಕೆರೆ ಕಾಣತ್ತೆ. ದಾರಿ ಅಂದ್ರೆ ಕೆಳಗೆ ಮಣ್ಣು ಕುರುಚಲು ಗಿಡ, ಮೇಲೆ ಹೋಗ್ತಾ ಬಂಡೆ, ಮಧ್ಯ ಮಧ್ಯ ಸಣ್ಣ ಜಲ್ಲಿ. ನನ್ನ ಕೇಳಿದ್ರೆ ಇರೋ ರನ್ನಿಂಗ್ ಶೂ ಅಡಿಯಲ್ಲಿ ಗ್ರಿಪ್ ಇದ್ರೆ ಒಂದ್ಸಲ ಹೋಗ್ಬನ್ನಿ, ಇಷ್ಟ ಆದ್ರೆ ಆಮೇಲೆ ತಗೊಳ್ಳಿ. ಒಂದು ಬೆಟ್ಟ ಹತ್ತಿ ಇಳಿದ್ರೆ ನಿಮ್ಮ ಕಾಲಿಗೆ ಏನು ಬೇಕು ಅಂತ ನಿಮಗೇ ಗೊತ್ತಾಗತ್ತೆ, ಯಾವ ರಿವ್ಯೂನೂ ಅದನ್ನ ಹೇಳಲ್ಲ.

ಸೋಲ್ ಪೀಣ್ಯ

ಮೇಲಿನವರು ಗುಂಪಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಶೂ ವಿಷಯದಲ್ಲಿ ನಾನು ಒಪ್ಪಲ್ಲ. ನಾನು ಪೀಣ್ಯದಲ್ಲಿ ಶೂ ಸೋಲ್ ಮಾಡೋ ಯೂನಿಟ್ಟಲ್ಲಿ ತುಂಬಾ ವರ್ಷ ಕೆಲಸ ಮಾಡಿದೀನಿ, ಟ್ರೆಕ್ಕಿಂಗೂ ಹೋಗ್ತೀನಿ. ಮೇಡಂ, ನಿಮ್ಮ ಶೂ ಎರಡು ಮೂರು ವರ್ಷ ಹಳೇದು, ದಿನಾ ಪಾರ್ಕಲ್ಲಿ ಹಾಕಿದೀರ ಅಂದ್ರೆ ಅಡಿ ನುಣ್ಣಗಾಗಿರತ್ತೆ, ಒಳಗಿನ ಫೋಮ್ ಕೂತಿರತ್ತೆ. ಒಂದ್ಸಲ ತಿರುಗಿಸಿ ನೋಡಿ, ಹಿಮ್ಮಡಿಯ ಹೊರಗಿನ ಅಂಚು ಮತ್ತೆ ಹೆಬ್ಬೆರಳ ಬುಡ ಸವೆದಿದ್ರೆ ಆ ಶೂ ಪಾರ್ಕಿಗೇ ಇರಲಿ. ಹತ್ತುವಾಗ ಏನೂ ಗೊತ್ತಾಗಲ್ಲ, ಇಳಿಯುವಾಗ ಜಲ್ಲಿ ಮೇಲೆ ಜಾರತ್ತೆ.

ಯಾಕೆ ಜಾರತ್ತೆ ಅಂತ ತಿಳ್ಕೊಂಡ್ರೆ ಅಂಗಡೀಲಿ ಆರಿಸೋದು ಸುಲಭ. ನಮ್ಮ ರಾಮನಗರ ಮಾಗಡಿ ಕಡೆಯ ಬೆಟ್ಟಗಳೆಲ್ಲ ಗ್ರಾನೈಟು, ಭೂವಿಜ್ಞಾನದವರು ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ, ರಾಮನಗರದ ಹಳೇ ಹೆಸರೇ ಕ್ಲೋಸ್‌ಪೇಟೆ, ಸುಮಾರು 250 ಕೋಟಿ ವರ್ಷ ಹಳೇ ಕಲ್ಲು. ಈ ಕಲ್ಲು ಬಿಸಿಲು ಮಳೆಗೆ ಪುಡಿಯಾಗಿ ಕಾಳು ಕಾಳು ಜಲ್ಲಿ ಆಗತ್ತೆ. ಗಟ್ಟಿ ಬಂಡೆ ಮೇಲೆ ಆ ಕಾಳು ಚೆಲ್ಲಿದ್ರೆ ಕಾಲಿಟ್ಟ ತಕ್ಷಣ ಉರುಳತ್ತೆ. ಇದಕ್ಕೆ ಅಡಿಯಲ್ಲಿ 4ರಿಂದ 5 ಮಿಲಿಮೀಟರ್ ಆಳದ ಹಲ್ಲು ಬೇಕು, ಹಲ್ಲಿನ ಮಧ್ಯ ಜಾಗ ಇರಬೇಕು, ಆವಾಗ ಕಾಳು ಆ ಸಂದಿಗೆ ಹೋಗಿ ರಬ್ಬರು ಕಲ್ಲಿಗೆ ತಾಗತ್ತೆ. ಆದ್ರೆ ಬರೀ ಒಣ ಬಂಡೆ ಮೇಲೆ ಲೆಕ್ಕ ಉಲ್ಟಾ, ಅಲ್ಲಿ ಎಷ್ಟು ಜಾಸ್ತಿ ರಬ್ಬರು ಕಲ್ಲಿಗೆ ಅಂಟತ್ತೋ ಅಷ್ಟು ಹಿಡಿತ, ತುಂಬಾ ಆಳದ ಚೂಪು ಹಲ್ಲಿದ್ರೆ ಹಿಡಿತ ಕಮ್ಮಿನೇ ಆಗತ್ತೆ. ಅದಕ್ಕೇ ಬೆಂಗಳೂರು ಸುತ್ತ ನಡೆಯೋರಿಗೆ ಮಧ್ಯಮ ಹಲ್ಲು, ಅಗಲ ಅಗಲ ಬ್ಲಾಕು, ಉಗುರಲ್ಲಿ ಒತ್ತಿದ್ರೆ ಸ್ವಲ್ಪ ಒಳಗೆ ಹೋಗೋ ಮೆತ್ತನೆ ರಬ್ಬರು ಇರೋದು ಸರಿ. ಪ್ಲಾಸ್ಟಿಕ್ ಥರ ಟಕ ಟಕ ಅನ್ನೋ ಸೋಲ್ ಹತ್ತು ವರ್ಷ ಬಾಳಿಕೆ ಬಂದ್ರೂ ನಿಮ್ಮನ್ನ ಬೀಳಿಸತ್ತೆ.

ಈ ಹಲ್ಲಿನ ರಬ್ಬರ್ ಸೋಲ್ ಬಂದಿದ್ದೂ ಒಂದು ದುರಂತದಿಂದಲೇ. 1935ರಲ್ಲಿ ಆಲ್ಪ್ಸ್‌ನಲ್ಲಿ ವಿತಾಲೆ ಬ್ರಮಾನಿ ಅನ್ನೋ ಇಟಲಿಯ ಪರ್ವತಾರೋಹಿಯ ಜೊತೆಗಾರರು 6 ಜನ ಸತ್ತೋದ್ರು, ಅವರ ಕಾಲಲ್ಲಿದ್ದ ಶೂ ಆ ಚಳಿಗೂ ಮಂಜಿಗೂ ಸಾಲದಾಗಿತ್ತು. ಆಮೇಲೆ ಬ್ರಮಾನಿ ಯೋಚನೆ ಮಾಡಿ ಮಾಡಿ ರಬ್ಬರಲ್ಲಿ ಆಳವಾದ ಹಲ್ಲಿರೋ ಸೋಲ್ ಮಾಡಿ 1937ರಲ್ಲಿ ಪೇಟೆಂಟ್ ತಗೊಂಡ್ರು, ಆ ಸೋಲಿಗೆ ವಿಬ್ರಮ್ ಅಂತ ಹೆಸರು ಬಂದಿದ್ದು ಅವರ ಹೆಸರಿಂದಲೇ. ದುಬಾರಿ ಶೂ ಅಡಿಯಲ್ಲಿ ಹಳದಿ ಬಣ್ಣದ ಗುರುತು ಇರತ್ತಲ್ಲ, ಅದೇ. ನಿಮ್ಮ ಬಜೆಟ್ಟಿಗೆ ಅದು ಸಿಗಲ್ಲ, ಬೇಕಾಗೂ ಇಲ್ಲ, ಆದ್ರೆ ಸೋಲನ್ನ ಯಾಕೆ ಮೊದಲು ನೋಡ್ಬೇಕು ಅಂತ ಗೊತ್ತಿರಲಿ ಅಂತ ಹೇಳ್ದೆ.

ಅಂಗಡೀಲಿ ಮಾಡಬೇಕಾದ್ದು: ಒಂದು ಕೈಲಿ ಹಿಮ್ಮಡಿ ಇನ್ನೊಂದು ಕೈಲಿ ಮೂತಿ ಹಿಡಿದು ಬಟ್ಟೆ ಹಿಂಡೋ ಥರ ತಿರುಚಿ, ಸುಲಭವಾಗಿ ತಿರುಚಿಕೊಂಡ್ರೆ ಬೇಡ. ಆಮೇಲೆ ಮಡಚಿ ನೋಡಿ, ಬೆರಳ ಬುಡದ ಹತ್ರ ಮಡಚಬೇಕು, ಪಾದದ ನಡುಮಧ್ಯ ಮಡಚಿದ್ರೆ ಒಳಗೆ ಗಟ್ಟಿ ಏನೂ ಹಾಕಿಲ್ಲ ಅಂತ ಅರ್ಥ. ಮೂತಿಗೆ ರಬ್ಬರ್ ಕ್ಯಾಪ್ ಇದೆಯಾ ನೋಡಿ, ಕಲ್ಲು ಎಡವಿದಾಗ ಬೆರಳು ಉಳಿಯತ್ತೆ.

ವಾಟರ್‌ಪ್ರೂಫ್ ಬಗ್ಗೆ ಹೇಳ್ಬೇಕು ಅಂದ್ರೆ, ನಿಮಗೆ ಬೇಡ. ವಾಟರ್‌ಪ್ರೂಫ್ ಶೂಗಳಲ್ಲಿ ಹಾಕೋ ಗೋರ್‌ಟೆಕ್ಸ್ ಅನ್ನೋದು 1969ರಲ್ಲಿ ಕಂಡುಹಿಡಿದ ಹಿಗ್ಗಿಸಿದ ಟೆಫ್ಲಾನ್ ಪದರ, ಅದರ ರಂಧ್ರ ಎಷ್ಟು ಸಣ್ಣದು ಅಂದ್ರೆ ನೀರ ಹನಿ ಒಳಗೆ ಬರಲ್ಲ ಆದ್ರೆ ಬೆವರಿನ ಆವಿ ಹೊರಗೆ ಹೋಗತ್ತೆ. ಹಿಮಾಲಯದ ಹಿಮದಲ್ಲಿ ಒಳ್ಳೇದು. ನಮ್ಮ ಬಿಸಿಲಲ್ಲಿ ಕಾಲು ಬೆಂದೋಗತ್ತೆ, ಬೆವರು ಆಚೆ ಹೋಗೋ ವೇಗ ಸಾಲಲ್ಲ. ಇನ್ನು ಮಲೆನಾಡಿನ ಮಳೇಲಿ ಹಳ್ಳ ದಾಟಿದ್ರೆ ನೀರು ಮೇಲಿಂದಲೇ ಒಳಗೆ ಬರತ್ತೆ, ಒಳಗೆ ಬಂದ ನೀರನ್ನ ಅದೇ ಪದರ ಆಚೆ ಬಿಡಲ್ಲ, ಎರಡು ದಿನ ಆದ್ರೂ ಒಣಗಲ್ಲ. ಜಾಲರಿ ಬಟ್ಟೆ ಇರೋ ಶೂ ಒದ್ದೆ ಆದ್ರೂ ನಡೀತಾ ನಡೀತಾ ಒಣಗತ್ತೆ. ದುಡ್ಡೂ ಉಳಿಯತ್ತೆ.

ಕೊನೇದಾಗಿ ಒಂದು ಎಚ್ಚರಿಕೆ, ಇದನ್ನ ಯಾರೂ ಹೇಳಲ್ಲ. ತುಂಬಾ ಡಿಸ್ಕೌಂಟಲ್ಲಿ ಸಿಗೋ ಹಳೇ ಸ್ಟಾಕ್ ತಗೋಬೇಡಿ. ಸೋಲ್ ಮೇಲಿನ ಮಧ್ಯದ ಪದರ ಪಿಯು, ಅಂದ್ರೆ ಪಾಲಿಯುರಿಥೇನ್ ಫೋಮ್ ಆಗಿದ್ರೆ, ಅದು ಹಾಕದೆ ಡಬ್ಬೀಲೇ ಇಟ್ಟಿದ್ರೂ ಗಾಳೀಲಿರೋ ತೇವಕ್ಕೆ ನಿಧಾನಕ್ಕೆ ಒಡೀತಾ ಬರತ್ತೆ, ಐದಾರು ವರ್ಷ ಆದ ಶೂ ಹೊರಗಿಂದ ಹೊಸದರ ಥರಾನೇ ಕಾಣತ್ತೆ, ಬೆಟ್ಟದ ಮಧ್ಯ ಸೋಲ್ ಪೂರ್ತಿ ಕಿತ್ಕೊಂಡು ಬರತ್ತೆ. ಇವಿಎ ಅನ್ನೋ ಇನ್ನೊಂದು ಥರದ ಫೋಮಿಗೆ ಈ ತೊಂದರೆ ಇಲ್ಲ, ಅದು ಕೂತ್ಕೊಳ್ಳತ್ತೆ ಅಷ್ಟೇ. ಡಬ್ಬಿ ಮೇಲೋ ನಾಲಗೆ ಒಳಗಿನ ಚೀಟಿ ಮೇಲೋ ತಯಾರಾದ ತಿಂಗಳು ಇರತ್ತೆ, ನೋಡಿ. ವರ್ಷಾನುಗಟ್ಟಲೆ ಅಟ್ಟದ ಮೇಲಿಟ್ಟ ಶೂ ಇರೋರೂ ಹೊರಡೋ ಮುಂಚೆ ಸೋಲ್ ಬಗ್ಗಿಸಿ ನೋಡ್ಕೊಳ್ಳಿ, ಡೌಟ್ ಬಂದ್ರೆ ಚಪ್ಪಲಿ ಹೊಲಿಯೋರ ಹತ್ರ ಸುತ್ತಲೂ ಹೊಲಿಗೆ ಹಾಕಿಸಿ.

ಮಾಗಡಿ ಕಡೆಯವ್ನು

ನಮ್ಮೂರು ಸಾವನದುರ್ಗದ ಪಕ್ಕ, ಈಗ ಕಾಮಾಕ್ಷಿಪಾಳ್ಯದಾಗೆ ಇದೀನಿ. ನಮ್ ಅಜ್ಜಿ ಬರಿಗಾಲಲ್ಲೇ ಕರಿಗುಡ್ಡ ಹತ್ತೋರು, ಮೇಲಿನ ಬಸವಣ್ಣಂಗೆ ಎಣ್ಣೆ ತಗೊಂಡು ಹೋಗೋರು. ಹಂಗಂತ ಮೇಡಂ ಬರಿಗಾಲಲ್ಲಿ ಹೋಗಿ ಅಂತ ನಾನ್ ಹೇಳ್ತಿಲ್ಲ, ಪಾದ ಚಿಕ್ಕಂದಿನಿಂದ ಪಳಗಿರ್ಬೇಕು ಅದಕ್ಕೆ. ಆದ್ರೆ ಶೂ ಎಷ್ಟೇ ಚೆನ್ನಾಗಿದ್ರೂ ಕಾಲು ಎಲ್ಲಿ ಇಡ್ಬೇಕು ಅನ್ನೋದು ಗೊತ್ತಿರ್ಬೇಕು, ಇದನ್ನ ಅಂಗಡೀಲಿ ಮಾರಲ್ಲ.

ಬಂಡೆ ಮೇಲೆ ಮೇಲಿಂದ ಕೆಳಗಂಟ ಕಪ್ಪು ಪಟ್ಟೆ ಇರ್ತವೆ ನೋಡಿ, ಮಳೆ ನೀರು ಹರಿಯೋ ಜಾಗ ಅದು, ಪಾಚಿ ಕಟ್ಟಿ ಕಪ್ಪಾಗಿರ್ತದೆ. ಒಣಗಿದ್ದಾಗ ಪರವಾಗಿಲ್ಲ, ಇಬ್ಬನಿ ಬಿದ್ದಿದ್ರೂ ಸಾಕು ಅದರ ಮೇಲೆ ಯಾವ ಶೂನೂ ನಿಲ್ಲಲ್ಲ, ಐದು ಸಾವಿರದ್ದಾದ್ರೂ ಅಷ್ಟೇ ಹದಿನೈದು ಸಾವಿರದ್ದಾದ್ರೂ ಅಷ್ಟೇ. ಬಿಳಿ ಕಲ್ಲು, ಒರಟು ಕಲ್ಲು ನೋಡ್ಕೊಂಡು ಕಾಲಿಡಿ. ಬಂಡೆ ಇಳಿಯುವಾಗ ಹಿಮ್ಮಡಿ ಊರಬೇಡಿ, ಪೂರ್ತಿ ಪಾದ ಅಂಟ್ಸಿ, ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಹಾಕಿ. ಹೆದರಿಕೆಗೆ ಹಿಂದಕ್ಕೆ ವಾಲಿದ್ರೇನೇ ಜನ ಜಾರೋದು. ತೀರಾ ಕಷ್ಟ ಅನ್ಸಿದ್ರೆ ಕೂತ್ಕೊಂಡು ಇಳೀರಿ, ಅದ್ರಲ್ಲೇನೂ ನಾಚಿಕೆ ಇಲ್ಲ. ಮಳೆ ಬಂದ ಮಾರನೇ ದಿನ ಸಾವನದುರ್ಗಕ್ಕೆ ಮಾತ್ರ ಹೋಗಲೇಬೇಡಿ ಯಾರೂ, ಅಲ್ಲಿ ಹಿಡ್ಕೊಳ್ಳೋಕೆ ಗಿಡ ಇಲ್ಲ ಏನಿಲ್ಲ, ಒಂದೇ ಬಂಡೆ ಕೆಳಗಂಟ.

ಇನ್ನೊಂದು, ಸೆಂಟು ಹಾಕ್ಕೊಂಡು ಬರ್ಬೇಡಿ, ಕಿರುಚಬೇಡಿ, ಬೆಂಕಿ ಹಾಕ್ಬೇಡಿ. ಬಂಡೆ ಸಂದಿನಾಗೆ ಹೆಜ್ಜೇನು ಕಟ್ಟಿರ್ತವೆ, ಎದ್ರೆ ಓಡೋಕೆ ಜಾಗ ಇರಲ್ಲ. ರಾಮದೇವರ ಬೆಟ್ಟದ ಕಡೆ ಹೋದ್ರೆ ಇನ್ನೂ ಮೆತ್ತಗೆ ಇರಿ, 2012ರಿಂದ ಅದು ರಣಹದ್ದುಗಳ ಅಭಯಾರಣ್ಯ, ಆ ಬಂಡೆ ಮೇಲೆ ಗೂಡು ಕಟ್ಟೋ ಹಕ್ಕಿ ಉಳ್ಕೊಂಡಿರೋದೇ ಬೆರಳೆಣಿಕೆ.

ಜಯನಗರ 4ನೇ ಬ್ಲಾಕ್

ಅಕ್ಕ, ನಾನೂ ನಲವತ್ತು ದಾಟಿದ ಮೇಲೇ ಶುರು ಮಾಡಿದ್ದು. ಗಂಡಸರು ಯಾರೂ ಹೇಳದ ಕೆಲವು ವಿಷಯ ಹೇಳ್ತೀನಿ.

ಅಗಲ ಪಾದಕ್ಕೆ ಒಂದು ದಾರಿ ಇದೆ. ಲೇಡೀಸ್ ಶೂಗಳ ಅಚ್ಚು ಸಾಮಾನ್ಯವಾಗಿ ಕಿರಿದಾಗಿರತ್ತೆ. ಯುಕೆ ಸೈಜ್ ನಂಬರ್ ಗಂಡಸರಿಗೂ ಹೆಂಗಸರಿಗೂ ಒಂದೇ, ಅದಕ್ಕೇ ಮುಜುಗರ ಪಡದೆ ಜೆಂಟ್ಸ್ ಕಡೆ ಹೋಗಿ ಅದೇ ನಂಬರ್ ಹಾಕಿ ನೋಡಿ. ಬಣ್ಣ ಕಂದು ಬೂದು ಇಷ್ಟೇ ಸಿಗಬಹುದು, ಆದ್ರೆ ಕಿರುಬೆರಳು ಆರಾಮಾಗಿರತ್ತೆ. ಅಂಗಡಿಗೆ ಸಂಜೆ ಹೋಗಿ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರತ್ತೆ, ಬೆಟ್ಟದಲ್ಲೂ ಹಾಗೇ ಊದೋದು. ನೀವು ಟ್ರೆಕ್ಕಿಗೆ ಹಾಕೋ ಕಾಲುಚೀಲವನ್ನೇ ತಗೊಂಡು ಹೋಗಿ. ಇನ್ನೂ ಲೇಸ್ ಕಟ್ಟದೆ ಪಾದವನ್ನ ಮುಂದಕ್ಕೆ ತಳ್ಳಿ ನಿಂತಾಗ ಹಿಮ್ಮಡಿ ಹಿಂದೆ ಒಂದು ಬೆರಳು ತೂರಬೇಕು. ಲೇಸ್ ಕಟ್ಟಿದ ಮೇಲೆ ಇಳಿಜಾರಲ್ಲಿ ಇಳಿದು ನೋಡಿ, ಕೆಲವು ದೊಡ್ಡ ಅಂಗಡೀಲಿ ಕಲ್ಲಿನ ಥರದ ಸಣ್ಣ ಇಳಿಜಾರು ಇಟ್ಟಿರ್ತಾರೆ, ಇಲ್ಲಾಂದ್ರೆ ಪಾರ್ಕಿಂಗಿಗೆ ಇಳಿಯೋ ರ‍್ಯಾಂಪ್ ಇದ್ದೇ ಇರತ್ತೆ, ಕೇಳಿ ಹೋಗಿ. ಹೆಬ್ಬೆರಳು ಮುಂದೆ ತಾಗಿದ್ರೆ ಆ ಶೂ ಬಿಡಿ, ಎರಡು ಗಂಟೆ ಇಳಿಯೋಷ್ಟರಲ್ಲಿ ಉಗುರು ಕಪ್ಪಾಗತ್ತೆ. ಹೊರಡೋ ಮುಂಚೆ ಉಗುರೂ ಕತ್ತರಿಸಿಕೊಳ್ಳಿ.

ಕಾಟನ್ ಸಾಕ್ಸ್ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗೇ ಇರತ್ತೆ, ಒದ್ದೆ ಚರ್ಮ ಉಜ್ಜಿ ಬೊಬ್ಬೆ ಬರತ್ತೆ. ಸಿಂಥೆಟಿಕ್ಕೋ ಉಣ್ಣೆಯದೋ ತಗೊಳ್ಳಿ, ಶೂಗೆ 3,500 ಇಟ್ಟು ಸಾಕ್ಸಿಗೆ 500 ಇಡಿ, ಅದೇ ಸರಿಯಾದ ಲೆಕ್ಕ. ನಡೀತಾ ಎಲ್ಲಾದ್ರೂ ಬಿಸಿ ಬಿಸಿ ಅನ್ನಿಸಿದ್ರೆ ಸಂಕೋಚ ಇಲ್ಲದೆ ಸ್ವೀಪಿಗೆ ಹೇಳಿ ನಿಲ್ಲಿ, ಮೈಕ್ರೋಪೋರ್ ಟೇಪ್ ಹಚ್ಚಿ, ಬೊಬ್ಬೆ ಬಂದ ಮೇಲೆ ಹಚ್ಚಿ ಪ್ರಯೋಜನ ಇಲ್ಲ.

ಇನ್ನು ಮುಖ್ಯವಾದ್ದು, ಬಾತ್‌ರೂಮು. ಬೆಟ್ಟದಲ್ಲಿ ಇರಲ್ಲ. ಅದಕ್ಕೆ ಹೆದರಿ ಎಷ್ಟೋ ಹೆಣ್ಮಕ್ಕಳು ನೀರೇ ಕುಡಿಯಲ್ಲ, ತಲೆಸುತ್ತು ಬರೋದು, ಕಾಲು ಹಿಡ್ಕೊಳ್ಳೋದು, ಆಮೇಲೆ ಉರಿಮೂತ್ರ, ಎಲ್ಲಾ ಅದಕ್ಕೇ. ದಯವಿಟ್ಟು ಎರಡು ಲೀಟರ್ ನೀರು ತಗೊಂಡು ಹೋಗಿ, ಕುಡೀರಿ, ಒಂದು ಓಆರ್‌ಎಸ್ ಪ್ಯಾಕೆಟ್ ಇರಲಿ. ಬೆಟ್ಟ ಶುರುವಾಗೋ ಮುಂಚೆ ಕೊನೇ ಪೆಟ್ರೋಲ್ ಬಂಕಲ್ಲಿ ನಿಲ್ಲಿಸೋಕೆ ಮೊದಲೇ ಹೇಳಿಡಿ. ಗುಂಪಲ್ಲಿ ಇನ್ನೊಬ್ಬ ಹೆಂಗಸು ಇದಾರಾ ಅಂತ ಕೇಳಿ, ಮಧ್ಯದಲ್ಲಿ ಬೇಕಾದ್ರೆ ಒಬ್ರು ಕಾವಲು ನಿಲ್ಲಬಹುದು. ಒಂದು ಜಿಪ್ ಕವರ್, ಹಳೇ ಪೇಪರ್ ಇಟ್ಕೊಳ್ಳಿ, ಟಿಶ್ಯೂ ಆಗ್ಲಿ ಪ್ಯಾಡ್ ಆಗ್ಲಿ ವಾಪಸ್ ಮನೆಗೇ ತರಬೇಕು. ಬೆಟ್ಟದ ಮೇಲೆ ಅದನ್ನ ಬಿದ್ದಿರೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ.

ಮಂಡಿ ಮಾತು

ನಾನು ಫಿಸಿಯೋ. ಹೈ ಆಂಕಲ್ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ ಅದಕ್ಕೇ ಬರೀತಿದೀನಿ. ಎತ್ತರದ ಶೂ ಹಾಕಿದ್ರೆ ಕಾಲು ಉಳುಕಲ್ಲ ಅನ್ನೋ ಗ್ಯಾರಂಟಿ ಇಲ್ಲ. ಅದು ಕಲ್ಲು ತರಚೋದು, ಮುಳ್ಳು, ಜಲ್ಲಿ ಒಳಗೆ ಬರೋದು ತಪ್ಪಿಸತ್ತೆ, ಭಾರದ ಬ್ಯಾಗ್ ಹೊತ್ತು ಎರಡು ಮೂರು ದಿನ ನಡೆಯೋರಿಗೆ ಅನುಕೂಲ. ಆದ್ರೆ ತೂಕ ಜಾಸ್ತಿ. ಪಾದದಲ್ಲಿರೋ ಒಂದು ಕೆಜಿ ಬೆನ್ನ ಮೇಲಿನ ಐದು ಕೆಜಿಗೆ ಸಮ ಅಂತ ಚಾರಣಿಗರಲ್ಲಿ ಹಳೇ ಲೆಕ್ಕ ಇದೆ, ನಿಮ್ಮಂಥ ಒಂದು ದಿನದ ನಡಿಗೆಗೆ ಕಣಕಾಲಿನ ಕೆಳಗೇ ಮುಗಿಯೋ ಹಗುರವಾದ ಲೋ ಕಟ್ ಶೂ ಸಾಕು. ಹಿಂದೆ ಪದೇ ಪದೇ ಉಳುಕಿರೋ ಕಾಲಾದ್ರೆ ಮಾತ್ರ ಯಾರಿಗಾದ್ರೂ ತೋರಿಸಿ ತೀರ್ಮಾನ ಮಾಡಿ.

ಆಂಕಲ್ ಕಾಯೋದು ಅದರ ಸುತ್ತ ಇರೋ ಸ್ನಾಯು. ದಿನಾ ಹಲ್ಲುಜ್ಜುವಾಗ ಒಂದೊಂದೇ ಕಾಲ ಮೇಲೆ ನಿಲ್ಲಿ, ಸಿಂಕ್ ಹಿಡ್ಕೊಂಡು ಶುರು ಮಾಡಿ ಆಮೇಲೆ ಕೈ ಬಿಡಿ. ಮನೆ ಮೆಟ್ಟಿಲ ಮೇಲೆ ನಿಂತು ಒಂದು ಕಾಲನ್ನ ನಿಧಾ‍ನಕ್ಕೆ ಕೆಳಗಿನ ಮೆಟ್ಟಿಲಿಗೆ ಇಳಿಸಿ ತಾಗಿಸಿ ಮತ್ತೆ ಮೇಲೆ ತನ್ನಿ, ಎರಡೂ ಕಡೆ ಹತ್ತತ್ತು ಸಲ. ಪಾರ್ಕ್ ಸಮತಟ್ಟು, ಬೆಟ್ಟ ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಬ್ರೇಕ್ ಥರ ಕೆಲಸ ಮಾಡತ್ತೆ, ಅದಕ್ಕೆ ಪಾರ್ಕಲ್ಲಿ ಅಭ್ಯಾಸವೇ ಸಿಕ್ಕಿರಲ್ಲ, ಮಾರನೇ ದಿನ ಬ್ಯಾಂಕಲ್ಲಿ ಕುರ್ಚಿಯಿಂದ ಏಳೋದು ಕಷ್ಟ ಆಗೋದು ಅದಕ್ಕೇ. ಮೂರು ವಾರ ಇದೆ ಅಂದ್ರೆ ಸಾಕಷ್ಟು ಟೈಮ್. ಮಂಡಿ ನೋವಿದ್ರೆ ಒಂದು ಟ್ರೆಕ್ಕಿಂಗ್ ಪೋಲ್ ತಗೊಳ್ಳಿ, ಇಳಿಯುವಾಗ ಭಾರ ಹಂಚಿಕೊಳ್ಳತ್ತೆ.

ಹೊಸ ಶೂ ತಂದ ಮೇಲೆ ಮೊದಲ ಕೆಲವು ದಿನ ಮನೆ ಒಳಗೇ ಹಾಕ್ಕೊಂಡು ಓಡಾಡಿ, ಒತ್ತಿದ್ರೆ ಬದಲಾಯಿಸಬಹುದು, ಬಿಲ್ ಇಟ್ಟಿರಿ. ಸರಿ ಅನ್ನಿಸಿದ ಮೇಲೆ ಲಾಲ್‌ಬಾಗಿಗೆ ಹೋಗಿ ಕೆಂಪೇಗೌಡರ ಗೋಪುರದ ಬಂಡೆ ಹತ್ತಿ ಇಳೀರಿ. 300 ಕೋಟಿ ವರ್ಷದ ಬಂಡೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಊರ ಮಧ್ಯ ಇದಕ್ಕಿಂತ ಒಳ್ಳೇ ಟೆಸ್ಟ್ ಜಾಗ ಬೇರೆ ಇಲ್ಲ. ಕನಕಪುರ ರಸ್ತೆಯ ತುರಹಳ್ಳಿ ಹತ್ರ ಆಗೋದಾದ್ರೆ ಅಲ್ಲಿ ಮಣ್ಣು, ಬಂಡೆ ಎರಡೂ ಸಿಗತ್ತೆ.

ಬೆಟ್ಟದ ಹುಚ್ಚು

ಪೀಣ್ಯ ಸರ್ ಹೇಳಿದ್ಮೇಲೆ ನಾನೂ ಒಪ್ತೀನಿ, ಸವೆದ ಶೂ ಬೇಡ. ಆದ್ರೆ ಅಡಿ ಚೆನ್ನಾಗಿರೋ ಶೂ ಮನೇಲಿದ್ರೆ ಮೊದಲ ಸಲ ಅದರಲ್ಲೇ ಹೋಗಿ ಅನ್ನೋ ಮಾತನ್ನ ನಾನು ಬಿಡಲ್ಲ. ಶೂ ಇಲ್ಲ ಅನ್ನೋ ಕಾರಣಕ್ಕೆ ತಿಂಗಳುಗಟ್ಟಲೆ ಮುಂದೂಡಿ ಕೊನೆಗೆ ಹೋಗದೇ ಇರೋರು ತುಂಬಾ ಜನ ಇದಾರೆ.

ಪಾರ್ಕ್ ನಡಿಗೆ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರಾದ್ರೂ ಬರೀತಾರೆ ಅಂತ ಅಂದ್ಕೊಂಡಿರಲಿಲ್ಲ. ಹಳೇ ಶೂ ತಿರುಗಿಸಿ ನೋಡ್ದೆ, ಪೀಣ್ಯ ಸರ್ ಹೇಳಿದ ಹಾಗೇ ಹಿಮ್ಮಡಿ ಅಂಚು ಪೂರ್ತಿ ನುಣ್ಣಗೆ. ಕಲೀಗ್‌ನ ಕೇಳ್ದೆ, ಹದಿನೆಂಟು ಜನ ಅಂತೆ, ಸ್ವೀಪ್ ಒಬ್ರು ರಿಟೈರ್ಡ್ ಮೇಷ್ಟ್ರು, ಫಸ್ಟ್ ಏಡೂ ಅವರ ಹತ್ರಾನೇ ಇರತ್ತೆ, ಬುಕಿಂಗ್ ಆಗಿದೆ, ನಾನಲ್ಲದೆ ಇನ್ನೂ ಐದು ಜನ ಹೆಂಗಸರು ಬರ್ತಿದಾರೆ. ಬರ್ತೀನಿ ಅಂತ ಹೇಳಿಬಿಟ್ಟಿದೀನಿ.

ನಿನ್ನೆ ಸಂಜೆ ಅಂಗಡಿಗೆ ಹೋಗಿದ್ದೆ. ಜಯನಗರದ ಮೇಡಂ ಹೇಳಿದ ಹಾಗೆ ಜೆಂಟ್ಸ್ ಕಡೆ ಹೋಗಿ ಯುಕೆ 6 ಹಾಕಿದ್ರೆ ಕಿರುಬೆರಳು ಒಂಚೂರೂ ಒತ್ತಲಿಲ್ಲ, ಅಲ್ಲೇ ಖುಷಿ ಆಗೋಯ್ತು. ಲೋ ಕಟ್, ಜಾಲರಿ ಬಟ್ಟೆ, ವಾಟರ್‌ಪ್ರೂಫ್ ಅಲ್ಲ, ಮೂತಿಗೆ ರಬ್ಬರ್ ಇದೆ, ತಿರುಚಿ ನೋಡ್ದೆ ಗಟ್ಟಿ ಇದೆ, 3,299 ರೂಪಾಯಿ. ಇಳಿಜಾರಲ್ಲಿ ಬೆರಳು ಮುಂದೆ ತಾಗಲಿಲ್ಲ. ಆದ್ರೆ ಒಂದೇ ಒಂದು, ಹತ್ತುವಾಗ ಹಿಮ್ಮಡಿ ಸ್ವಲ್ಪ ಎದ್ದು ಎದ್ದು ಬರತ್ತೆ. ಅದಕ್ಕೇ ತಗೊಳ್ಳದೆ ಬಂದೆ, ಎತ್ತಿಡಿ ಅಂತ ಹೇಳಿ ಬಂದಿದೀನಿ. ಇದಕ್ಕೆ ಏನಾದ್ರೂ ಮಾಡಬಹುದಾ ಅಥವಾ ಬೇರೆ ನೋಡ್ಲಾ?

ಸೋಲ್ ಪೀಣ್ಯ

ಒಳ್ಳೇದನ್ನೇ ಆರಿಸಿದೀರ ಮೇಡಂ, ಬೇರೆ ನೋಡೋ ಮುಂಚೆ ಲೇಸ್ ಬೇರೆ ಥರ ಕಟ್ಟಿ ನೋಡಿ. ಜೆಂಟ್ಸ್ ಶೂನಲ್ಲಿ ಹಿಮ್ಮಡಿ ಭಾಗ ಕೂಡ ಸ್ವಲ್ಪ ಅಗಲ ಇರತ್ತೆ, ಅದಕ್ಕೆ ಹಾಗಾಗೋದು. ಶೂ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಯಾರೂ ಬಳಸದ ಒಂದು ಹೆಚ್ಚುವರಿ ತೂತು ಇರತ್ತೆ, ಎರಡೂ ಕಡೆ. ಲೇಸನ್ನ ಅದರ ಕೆಳಗಿನ ತೂತಿನ ತನಕ ಮಾಮೂಲಿ ಥರ ತನ್ನಿ. ಆಮೇಲೆ ಅಡ್ಡ ಹಾಕದೆ, ಅದೇ ಕಡೆಯ ಹೆಚ್ಚುವರಿ ತೂತಿಗೆ ಹೊರಗಿಂದ ಒಳಕ್ಕೆ ತೂರಿಸಿ, ಪೂರ್ತಿ ಎಳೀಬೇಡಿ, ಸಣ್ಣ ಕುಣಿಕೆ ಬಿಡಿ. ಎರಡೂ ಕಡೆ ಹೀಗೆ ಕುಣಿಕೆ ಆಗತ್ತೆ. ಈಗ ಬಲಗಡೆ ಲೇಸ್ ತುದಿಯನ್ನ ಎಡಗಡೆ ಕುಣಿಕೆಯೊಳಗೆ, ಎಡಗಡೇದನ್ನ ಬಲಗಡೆ ಕುಣಿಕೆಯೊಳಗೆ ತೂರಿಸಿ. ಹಿಮ್ಮಡೀನ ನೆಲಕ್ಕೆ ಒಂದೆರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ತುದಿಗಳನ್ನ ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಕಚ್ಚಿ ಕೂರತ್ತೆ, ಬೆರಳ ಹತ್ರ ಮಾತ್ರ ಸಡಿಲವಾಗೇ ಇರಲಿ, ಅಲ್ಲಿ ಬಿಗಿ ಮಾಡಿದ್ರೆ ಜೆಂಟ್ಸ್ ಶೂ ತಗೊಂಡಿದ್ದೇ ವ್ಯರ್ಥ.

ಬೆಟ್ಟದ ಮೇಲೆ ತಲುಪಿದ ಮೇಲೆ, ಇಳಿಯೋಕೆ ಶುರು ಮಾಡೋ ಮುಂಚೆ ಇನ್ನೊಮ್ಮೆ ಬಿಚ್ಚಿ ಕಟ್ಟಿಕೊಳ್ಳಿ. ಅರ್ಧ ಸೆಂಟಿಮೀಟರ್ ಒಳಗೆ ಎದ್ರೆ ತಲೆ ಕೆಡಿಸ್ಕೋಬೇಡಿ, ದಪ್ಪ ಸಾಕ್ಸ್ ಹಾಕಿದ್ರೆ ಸರಿ ಹೋಗತ್ತೆ. ಇಷ್ಟೂ ಮಾಡಿ ಇನ್ನೂ ಜಾಸ್ತಿ ಏಳತ್ತೆ ಅಂದ್ರೆ ಅದೇ ಮಾಡೆಲ್ಲಲ್ಲಿ ಐದೂವರೆ ಇದೆಯಾ ಕೇಳಿ, ಅದೂ ಇಲ್ಲ ಅಂದ್ರೆ ಇದನ್ನ ಬಿಟ್ಟು ಬೇರೆ ಅಂಗಡಿ ನೋಡಿ.